ಹಲಗೆಯ ಮೇಲೆ ಅಜ್ಜಿ

ಫ್ರಾನ್ಸಿನ ಊರೂರು ನಿಧಾನ ಸುತ್ತುತ್ತ, ಮೊಮ್ಮಗಳು ಸುಮಾ ನನ್ನನ್ನು ಈ ಸಾವಯವ ತೋಟಕ್ಕೆ ತಂದಿದ್ದಾಳೆ. ದುಡಿದವರಿಗೆ ಊಟ, ಹಾಸಿಗೆ ಸಿಗುತ್ತದೆ. ಯಾರಿಗೆ ಯಾವ ಕೆಲಸವೆಂದು ಅಡುಗೆಮನೆಯ ಹಲಗೆಯಲ್ಲಿ ಬರೆಯುತ್ತಾರೆ. ವಯಸ್ಸಾಯಿತೆಂದು ನನ್ನ ಹೆಸರು ಬಿಟ್ಟಿದ್ದರು. ಮೂರು ದಿನ ಸುಮ್ಮನೆ ಕೂತು ತಿನ್ನಲು ನಾಚಿಕೆಯಾಗಿ, ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಇವತ್ತು ಹುಡುಗರು ಗ್ಲೌಸು ಹಾಕಿಕೊಂಡು ಡ್ರಮ್ಮಿನಲ್ಲಿ ಗೊಬ್ಬರಕ್ಕೆ ಸಗಣಿ ಕದಡುತ್ತಿದ್ದರು. ಕೋಲಿಗೆ ಗಂಟು ಒಡೆಯುತ್ತಿರಲಿಲ್ಲ. ನಾನು ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈ ಹಾಕಿ ಹಿಚುಕಿದೆ.

“ಎಂತ ಮಾಡ್ತೀ ಅಜ್ಜಿ? ಎಲ್ಲ ನೋಡ್ತಿದಾರೆ,” ಎಂದಳು ಸುಮಾ.

“ನೋಡ್ಲಿ ಮಾರಾಯ್ತಿ. ನಮ್ಮೂರು ನಾರ್ವೆಯ ಕೊಟ್ಟಿಗೇಲಿ ಸಗಣಿ ಬಾಚಿದ್ದು ಇದೇ ಕೈ ಅಲ್ವನೇ?”

ತೋಟದ ಯಜಮಾನ ನಕ್ಕು, ತಾನೂ ಗ್ಲೌಸು ಕಳಚಿ ಕೈ ಹಾಕಿದ.

ಸಂಜೆ ಸುಮಾ ಹಲಗೆ ಓದಿ ಹೇಳಿದಳು. ನಾಳೆ ಸಗಣಿ ಕೆಲಸಕ್ಕೆ ‘ಅಜ್ಜಿ’, ಸಹಾಯಕ್ಕೆ ಅವಳು. ನನ್ನ ಖುಷಿಗೆ ಮಿತಿಯಿರಲಿಲ್ಲ. ಊಟಕ್ಕೆ ಕೂತು, ನಾನೇ ಕೈಚಾಚಿ ಇನ್ನೊಂದು ತುಂಡು ಬ್ರೆಡ್ ಕೇಳಿದೆ.