ಬಾಳವ್ವತ್ತೆಯ ‘ನಕ್ಕಿ’

ಬಾಳವ್ವತ್ತೆ “ನಕ್ಕಿ” ಎಂದರೆ ಎದುರಿಗಿದ್ದವರು ಬೆಚ್ಚಬೇಕು, ಅಷ್ಟು ಜೋರು. ‘ಖಂಡಿತ’ ಎನ್ನಲು ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದ ಕಡೆ ಮರಾಠಿಯಿಂದ ಬಂದು ತಳವೂರಿದ ಮಾತದು. ಉಳಿದದ್ದೆಲ್ಲ ಕನ್ನಡದಲ್ಲಿ ಹೇಳಿ, ಕೊನೆಗೆ ಮೊಳೆ ಹೊಡೆದ ಹಾಗೆ ಒಂದು ನಕ್ಕಿ.

ಅತ್ತೆ ನನ್ನಪ್ಪನ ತಂಗಿ. ವಳಸಂಗದಲ್ಲಿ ಬಸ್ಸು ನಿಲ್ಲುವ ಕಡೆಯೇ ಅವಳ ಮನೆ. ಬಸ್ಸು ಬರುವುದೇ ಎಂದು ಬಂದವರೆಲ್ಲ ಅವಳನ್ನೇ ವಿಚಾರಿಸುವರು. “ಬರ್ತೈತ್ರಿ, ನಕ್ಕಿ. ಕುಂದ್ರಿ, ಚಾ ಕುಡೀರಿ.” ಚಹಾ ಮುಗಿದರೂ ಬಸ್ಸಿನ ಸುಳಿವಿಲ್ಲ. ಒಮ್ಮೆ ನಾನೂ ಮುಚ್ಚಂಡಿಗೆ ಹೊರಟು, ಅವಳನ್ನು ನಂಬಿ ಮಧ್ಯಾಹ್ನದವರೆಗೆ ಕೂತು, ಕಡೆಗೆ ಯಾರದೋ ಬೈಕು ಹತ್ತಬೇಕಾಯಿತು. ರೇಗಿದರೆ, “ನಾಳಿ ಬರ್ತೈತಿ, ನಕ್ಕಿ” ಎಂದಳು ಮಹಾತಾಯಿ! ಆದರೂ ಜನ ಅವಳನ್ನೇ ಏಕೆ ಕೇಳುತ್ತಿದ್ದರೋ, ನನಗಂತೂ ಬಗೆಹರಿಯಲಿಲ್ಲ.

ಆಮೇಲೊಂದು ಸಲ ಅವಳ ಮಗ ಸಿದ್ದು ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋದವನು ಫೋನಿಗೇ ಸಿಗದಾದ. ಸೊಸೆ ಅನ್ನ ಬಿಟ್ಟು ಕೂತಳು. “ನಾಳಿ ಫೋನ್ ಬರ್ತೈತಿ, ನಕ್ಕಿ. ಏಳು, ಉಣ್ಣು” ಎಂದು ಅತ್ತೆ ಗದರಿದಳು. ಹುಡುಗಿ ಎದ್ದು ಉಂಡಳು.

ಅತ್ತೆಯನ್ನು ಹಿತ್ತಿಲಿಗೆ ಕರೆದು ಕೇಳಿದೆ: “ಅತ್ತಿ, ನಿನಗ ಹ್ಯಾಂಗ ಗೊತ್ತು?”

“ನನಗೇನ್ ಗೊತ್ತ ತಂಗಿ? ಆಕಿ ಉಣ್ಣಬೇಕಲ್ಲ!”

ಫೋನು ನೀರಿಗೆ ಬೀಳಿಸಿಕೊಂಡಿದ್ದ ಸಿದ್ದು ಒಂದು ವಾರ ಬಿಟ್ಟು ತಾನೇ ಬಂದ. ನನ್ನ ಗೊಂದಲ ಮಾತ್ರ ತೀರಲಿಲ್ಲ. ಸಂಶಯ ಇಲ್ಲದ ಕಡೆ ‘ಖಂಡಿತ’ ಬಳಸಬೇಕು ಎಂದು ಸಾಲೆಯಲ್ಲಿ ಕಲಿಸಿದ್ದರು. ಅತ್ತೆಯೋ ಸಂಶಯ ಇದ್ದಲ್ಲೇ ನಕ್ಕಿ ಎನ್ನುವಳು. ಗೊತ್ತಿಲ್ಲದೆ ಅಷ್ಟು ಗಟ್ಟಿಯಾಗಿ ಹೇಳಿದರೆ ಸುಳ್ಳಲ್ಲವೇ? ಸುಳ್ಳಾದರೆ ಅವಳ ಮೇಲೆ ನನಗೆ ಸಿಟ್ಟು ಏಕೆ ಬರಲಿಲ್ಲ?

ಹೋದ ವರ್ಷ ಅವಳನ್ನು ಸಾಂಗ್ಲಿಯ ದವಾಖಾನೆಗೆ ಸೇರಿಸಿದ್ದರು. ತಮ್ಮ ಕೈಯಲ್ಲಿ ಇನ್ನೇನೂ ಉಳಿದಿಲ್ಲವೆಂದು ಡಾಕ್ಟರು ಹೊರಗೆ ನಮಗೆ ಹೇಳಿದ್ದರು. ಅತ್ತೆ ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು:

“ಮನಿಗಿ ಹೋಗ್ತೀನೇನ ತಂಗಿ, ನಾ?”

ಜೀವಮಾನದಲ್ಲಿ ಅವಳು ಇನ್ನೊಬ್ಬರನ್ನು ಹೀಗೆ ಕೇಳಿದವಳಲ್ಲ.

“ಹೋಗ್ತಿ ಅತ್ತಿ... ನಕ್ಕಿ.”

“ಜೋರ್ ಹೇಳ.”

ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಅತ್ತೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, “ಹಂಗಾದ್ರ ಒಂದೀಟು ಗಂಜಿ ಕೊಡು” ಎಂದಳು. ಎರಡು ಚಮಚ ಕುಡಿದಳು.

ಮರುದಿನ ಅತ್ತೆ ಇರಲಿಲ್ಲ. ನಂಬಿ ಕುಡಿದಳೋ, ನನ್ನ ಸಮಾಧಾನಕ್ಕೆ ಕುಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.