ಒಂದೇ ಕೈಗೆ ಒಗ್ಗಿದ ನಿಬ್ಬು

ಊರಿನ ಅರ್ಧಕ್ಕರ್ಧ ಮುದುಕರು ಊಟ ಅಗಿಯುವುದು ಅವಳ ಕೈಕೆಲಸದಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಬೀದಿಯ ಕೊನೆಯ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡಿಕೊಡುತ್ತಾಳೆ. ಹಾಗಾಗಿ ಎಲ್ಲರಿಗೂ ಅವಳು ಹಲ್ಲಿನಕ್ಕ. ಐವತ್ತೆರಡು ವಯಸ್ಸು, ಮದುವೆಯ ಗೋಜಿಗೆ ಹೋದವಳಲ್ಲ, ಬಾಯಿ ಸ್ವಲ್ಪ ಜೋರು. ಕೆಲಸದಲ್ಲಿ ಒಂದೇ ಹಟ: ಮಾಡಿದ ಹಲ್ಲು ನಾಲಿಗೆಗೆ ಎಲ್ಲೂ ತರಚಬಾರದು. ಅದಕ್ಕಾಗಿ ಉಜ್ಜುತ್ತಾಳೆ, ಉಜ್ಜುತ್ತಾಳೆ, ವೈದ್ಯರೇ ಫೋನು ಮಾಡಿ ಸಾಕು ಕಳಿಸಮ್ಮ ಅನ್ನುವವರೆಗೂ ಉಜ್ಜುತ್ತಾಳೆ.

ಹಟದ ಜೊತೆಗೆ ಒಂದು ಹುಚ್ಚೂ ಇದೆ. ಪೆನ್ನಿನ ಹುಚ್ಚು. ರೀಫಿಲ್ ಪೆನ್ನಿನ ಹೆಸರೆತ್ತಬೇಡಿ, ಅವಳಿಗಾಗುವುದಿಲ್ಲ. ಇಂಕು ತುಂಬಿ ಬರೆಯುವ ಪೆನ್ನು ಮಾತ್ರ. ಹಲ್ಲಿನ ಅಚ್ಚುಗಳನ್ನಿಡುವ ಬೀರುವಿನಲ್ಲಿ ಮೇಲಿನ ಎರಡು ಖಾನೆ ಪೆನ್ನುಗಳಿಗೇ ಮೀಸಲು. ಒಟ್ಟು ಅರವತ್ತಮೂರು. ಮುಚ್ಚಿಹೋದ ಸ್ಟೇಷನರಿ ಅಂಗಡಿಯ ಅಟ್ಟದಲ್ಲಿ ಡಬ್ಬಿ ಸಮೇತ ಸಿಕ್ಕಿದ, ಹುಟ್ಟಿದಾಗಿನಿಂದ ಇಂಕನ್ನೇ ಕಾಣದ ಕಂದು ಪೆನ್ನು ಒಂದು. ಯಾವುದೋ ಮಗು ಕ್ಯಾಪು ಕಚ್ಚಿ ಗುರುತು ಬಿಟ್ಟ ಹಸಿರು ಪೆನ್ನು ಇನ್ನೊಂದು. ಅದು ಮುಂದಿನ ಹಾಲುಹಲ್ಲಿನ ಗುರುತೇ ಎಂದು ಅವಳು ಪಂದ್ಯ ಕಟ್ಟಲು ತಯಾರು. ಹೋದ ತಿಂಗಳು ತರಿಸಿದ ಹೊಚ್ಚಹೊಸದೊಂದು, ಒಳಗೆ ಇಂಕು ತುಳುಕುವುದು ಹೊರಗೇ ಕಾಣುವಂಥದ್ದು. ಭಾನುವಾರ ಬಂತೆಂದರೆ ಐದಾರನ್ನು ತೊಳೆದು, ಇಂಕು ತುಂಬಿ, ಒಂದೊಂದರಲ್ಲೂ ಅರ್ಧ ಪುಟ ಬರೆಯುತ್ತಾಳೆ. ಬರೆಯುವುದಾದರೂ ಏನು? ದಿನಸಿ ಪಟ್ಟಿ, ಇಲ್ಲವೇ ಆಗದವರಿಗೆ ಬೈಗುಳ. ಬೈಗುಳಕ್ಕೆ ಕೆಂಪು ಇಂಕೇ ಆಗಬೇಕು.

ಈ ಹುಚ್ಚು ಹತ್ತಿಸಿದವನು ಅಣ್ಣ. ಹನ್ನೊಂದು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದವನು. ನೋಂದಣಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಪತ್ರ, ಅರ್ಜಿ ಬರೆದುಕೊಡುವುದು ಅವನ ಕಸುಬು. ನಲವತ್ತೈದು ವರ್ಷ, ಒಂದೇ ಕರಿಯ ಪೆನ್ನು. ಏಳು ವರ್ಷದವಳಿದ್ದಾಗ ಅವಳು ಒಮ್ಮೆ ಅದನ್ನು ಮುಟ್ಟಿದ್ದಕ್ಕೆ, ಅಣ್ಣ ಮಣಿಕಟ್ಟು ಹಿಡಿದು ಪೆನ್ನು ಕಿತ್ತುಕೊಂಡಿದ್ದ. ಬೇರೆಯವರ ಕೈಗೆ ಹೋದ್ರೆ ನಿಬ್ಬು ಕೆಡುತ್ತೆ ಅಂದಿದ್ದ. ಅನ್ನ ಹಾಕಿದ, ಫೀಸು ಕಟ್ಟಿದ, ಪೆನ್ನು ಮಾತ್ರ ಮುಟ್ಟಗೊಡಲಿಲ್ಲ. ಜಿಪುಣ ಎಂದುಕೊಂಡು ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ್ದಳು. ಅರವತ್ತಮೂರು ಪೆನ್ನು ಕೂಡಿಹಾಕಿದ್ದು ಆ ಸಿಗದ ಒಂದು ಪೆನ್ನಿನ ಸಿಟ್ಟಿನಿಂದಲೇ. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟವಳಲ್ಲ.

ಅಂಥ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ಮೂರು ತಿಂಗಳ ಮೇಲೆ ಬೆರಳುಗಳಲ್ಲಿ ಚೂರು ಜೀವ ಬಂದಾಗ, ವ್ಯಾಯಾಮ ಮಾಡಿಸಲು ಬರುತ್ತಿದ್ದ ಮೇಡಂ, ಇವರ ಕೈಗೆ ಬರೆದೇ ಅಭ್ಯಾಸ, ಬರೆಸಿ ನೋಡೋಣ ಎಂದರು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಕಷ್ಟ ಎಂದೂ ಹೇಳಿದರು. ರೀಫಿಲ್ ಪೆನ್ನು ಕೊಟ್ಟರೆ ಅಣ್ಣ ಎಡಗೈಯಿಂದ ತಳ್ಳಿಹಾಕಿದ. ಗೋಡೆಗೆ ತೂಗುಹಾಕಿದ್ದ ತನ್ನ ಕಚೇರಿಯ ಅಂಗಿಯ ಜೇಬಿನತ್ತ ಕಣ್ಸನ್ನೆ ಮಾಡಿದ. ಆ ಪೆನ್ನಿನಲ್ಲೋ ಇಂಕು ಒಣಗಿ ಕಲ್ಲಾಗಿತ್ತು. ಅತ್ತಿಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಲ್ಲಿನಕ್ಕನ ಕೋಣೆಗೆ ಬಂದಳು. ‘ಅವರು ಮತ್ತೆ ನಾಲ್ಕಕ್ಷರ ಬರೆದ್ರೆ ಸಾಕು ಕಣೆ. ಏನು ಬೇಕು ಏನು ಬೇಡ ಅಂತಾದ್ರೂ ಗೊತ್ತಾಗುತ್ತೆ. ಒಳಗೇ ಕೊರಗ್ತಾ ಇದಾರೆ’ ಎಂದಳು.

ನಲವತ್ತೈದು ವರ್ಷ ಮುಟ್ಟಗೊಡದ ಪೆನ್ನು ತಾನಾಗಿ ಮೇಜಿನ ಮೇಲೆ ಬಂದು ಕೂತಿತ್ತು. ಹಲ್ಲಿನಕ್ಕ ಅದನ್ನು ಬೆಚ್ಚಗಿನ ನೀರಿನಲ್ಲಿ ಎರಡು ದಿನ ನೆನೆಹಾಕಿ, ಒಳಗಿನ ಕೊಳೆ ತೆಗೆದು, ನಿಬ್ಬನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ತುದಿ ಒಂದು ಪಕ್ಕಕ್ಕೆ ಸವೆದು ಓರೆಯಾಗಿತ್ತು. ಸಂತೆಯಲ್ಲಿ ಕೊಂಡ ಪೆನ್ನು ಹೀಗಿದ್ದರೆ ಅವಳು ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಹಲ್ಲಿಗೆ ಕೊನೆಯ ಹೊಳಪು ಕೊಡುವ ನಯವಾದ ಪಾಲಿಶ್ ಕಾಗದ ತೆಗೆದುಕೊಂಡು ಒಂದು ಮಧ್ಯಾಹ್ನವಿಡೀ ಉಜ್ಜಿದಳು. ಓರೆ ಹೋಗಿ ತುದಿ ದುಂಡಗಾಯಿತು. ಇಂಕು ತುಂಬಿ ಬರೆದು ನೋಡಿದರೆ, ಆಹಾ, ಬೆಣ್ಣೆಯಲ್ಲಿ ಬರೆದ ಹಾಗೆ. ಅಣ್ಣನ ಋಣ ಇಷ್ಟಾದರೂ ತೀರಿತು ಎಂದುಕೊಂಡಳು, ಪಾಪ.

ಭಾನುವಾರ ಅಣ್ಣನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಪೆನ್ನು ಕೈಗೆ ಬಂದದ್ದೇ ಬೆರಳುಗಳು ತಾವಾಗಿ ಅದನ್ನು ಚೂರು ಒಳಕ್ಕೆ ತಿರುಗಿಸಿ ಹಿಡಿದವು. ಮೇಡಂ ಮುಖ ಅರಳಿತು. ಅಣ್ಣ ಬರೆದ. ಕಾಗದದ ಮೇಲೆ ಏನೂ ಮೂಡಲಿಲ್ಲ. ಮತ್ತೆ ಎಳೆದ. ಒಣ ಗೀರು. ಹಣೆಯಲ್ಲಿ ಬೆವರು ಬರುವಷ್ಟು ಒತ್ತಿದಾಗ ಒಂದು ಚುಕ್ಕೆ ಬಿದ್ದು ಮತ್ತೆ ಒಣಗಿತು. ಹತ್ತು ನಿಮಿಷ ಅವನು ಬಿಡಲಿಲ್ಲ. ಅತ್ತಿಗೆ ಪೆನ್ನಿನ ಮೇಲೆ ಅನುಮಾನಪಟ್ಟು ನಾದಿನಿಯ ಮುಖ ನೋಡಿದಳು. ಹಲ್ಲಿನಕ್ಕ ಪೆನ್ನು ತೆಗೆದುಕೊಂಡು ಅದೇ ಕಾಗದದ ಮೂಲೆಯಲ್ಲಿ ಬರೆದಳು. ಸಲೀಸಾಗಿ ಬಂತು.

‘ಪೆನ್ನು ಸರಿಯಾಗೇ ಇದೆ ಅತ್ತಿಗೆ’ ಎಂದುಬಿಟ್ಟಳು.

ಅಣ್ಣ ತನ್ನ ಬಲಗೈಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದ. ಆಮೇಲೆ ಅದನ್ನು ಎಡಗೈಯಿಂದ ಎತ್ತಿ ಹೊದಿಕೆಯ ಕೆಳಗಿಟ್ಟ. ಅಂದಿನಿಂದ ಆ ಕೈ ಹೊರಗೆ ಬರಲಿಲ್ಲ. ಮೇಡಂ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಚೆಂಡು ಹಿಸುಕಿ ಎಂದರೆ ಜಪ್ಪಯ್ಯ ಎಂದರೂ ಹಿಸುಕುತ್ತಿರಲಿಲ್ಲ. ಅತ್ತಿಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಮೂರನೆಯ ದಿನ ಹಲ್ಲಿನಕ್ಕನ ಕೋಣೆಗೆ ಒಂದು ಹಲ್ಲುಸೆಟ್ಟು ವಾಪಸು ಬಂತು. ಒಂದು ಕಡೆ ಎತ್ತರವಾಗಿದೆ, ಕಚ್ಚಿದರೆ ಅಲ್ಲೇ ಮೊದಲು ತಾಗುತ್ತಿದೆ ಎಂದು ವೈದ್ಯರ ಚೀಟಿ. ಹಲ್ಲಿನ ಮೇಲೆ ನೀಲಿ ಗುರುತುಗಳಿದ್ದವು. ಹಲ್ಲುಗಳ ನಡುವೆ ನೀಲಿ ಕಾಗದವಿಟ್ಟು ಕಚ್ಚಿಸುತ್ತಾರೆ. ಎಲ್ಲಿ ತಾಗುತ್ತದೋ ಅಲ್ಲಿ ಬಣ್ಣ ಹತ್ತುತ್ತದೆ, ಅಲ್ಲಷ್ಟೇ ಉಜ್ಜಬೇಕು. ಹಾಕಿಕೊಳ್ಳುವವರಿಂದ ಕಚ್ಚಿಸದೆ ಹಲ್ಲು ಉಜ್ಜುವಂತಿಲ್ಲ. ಈ ಕಸುಬಿನಲ್ಲಿ ಮೊದಲು ಕಲಿಯುವ ಪಾಠವೇ ಇದು. ಹಲ್ಲಿನಕ್ಕ ಕೈಗೆತ್ತಿಕೊಂಡ ಪಾಲಿಶ್ ಕಾಗದವನ್ನು ಕೆಳಗಿಟ್ಟಳು.

ನಿಬ್ಬಿನ ಓರೆ ಹಾಳಾದ ಓರೆಯಲ್ಲ. ಪೆನ್ನನ್ನು ಒಳಕ್ಕೆ ತಿರುಗಿಸಿ ಹಿಡಿಯುವ ಒಂದೇ ಕೈ ನಲವತ್ತೈದು ವರ್ಷ ಸವೆಸಿಕೊಂಡ ಜಾಗ ಅದು. ದುಂಡಗಾದ ತುದಿಯನ್ನು ಹಾಗೆ ತಿರುಗಿಸಿ ಹಿಡಿದರೆ ಇಂಕು ಬರುವ ಸೀಳು ಕಾಗದಕ್ಕೆ ತಾಗುವುದೇ ಇಲ್ಲ. ಒತ್ತಿ ಬರೆಯೋಣವೆಂದರೆ ಆ ಕೈಯಲ್ಲಿ ಶಕ್ತಿಯಿಲ್ಲ. ಅಣ್ಣ ಯಾವುದಕ್ಕೆ ಹೆದರಿ ಒಬ್ಬರಿಗೂ ಪೆನ್ನು ಕೊಟ್ಟಿರಲಿಲ್ಲವೋ ಅದನ್ನು ಸ್ವಂತ ತಂಗಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದಳು. ಸಾಲದೆಂಬಂತೆ, ಪೆನ್ನು ಸರಿ ಇದೆ ಎಂದು ಅವನ ಮುಖದೆದುರೇ ಹೇಳಿ ಬಂದಿದ್ದಳು.

ಆಗಲೇ ಓಡಿಹೋಗಿ ಹೇಳಬೇಕಿತ್ತೋ ಇಲ್ಲವೋ? ಹೇಳಲಿಲ್ಲ. ಬೀದಿಗೆಲ್ಲ ಕೇಳಿಸುವ ಬಾಯಿಗೆ ಬೀಗ ಬಿತ್ತು. ನಾಳೆ ನಾಳೆ ಎನ್ನುತ್ತ ಎಂಟು ದಿನ ದೂಡಿದಳು. ಪೆನ್ನನ್ನು ಇನ್ನೊಮ್ಮೆ ನೋಡುತ್ತೇನೆಂದು ನೆಪ ಹೇಳಿ ತಂದುಕೊಂಡು, ಹಾಸ್ಟೆಲಿಗೆ ಅಣ್ಣ ಬರೆದಿದ್ದ ಹಳೆಯ ಕಾಗದಗಳನ್ನು ಹರಡಿಕೊಂಡು ಕೂತಳು. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅಳೆದಳು. ಯಾರಿಗೂ ಹೇಳದೆ ತಾನೇ ಓರೆ ಮಾಡಿಕೊಟ್ಟುಬಿಡೋಣ ಎಂಬ ಕಳ್ಳ ಆಸೆ. ಆದರೆ ಉಜ್ಜಿ ಉಜ್ಜಿ ತುದಿಯಲ್ಲಿ ಉಳಿದ ಲೋಹ ಅಷ್ಟಕ್ಕಷ್ಟೇ. ತಪ್ಪಿದರೆ ಮತ್ತೆ ಮಾಡಲು ಏನೂ ಇರುವುದಿಲ್ಲ. ಕಾಗದದಲ್ಲಿದ್ದದ್ದೂ ಹಳೆಯ ಕೈ. ಬರೆಯಬೇಕಾದದ್ದು ಹೊದಿಕೆಯ ಕೆಳಗಿರುವ ಕೈ. ಅದನ್ನು ಕೇಳದೆ ಉಜ್ಜುವಂತಿರಲಿಲ್ಲ. ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು: ಇವರು ಮನಸ್ಸು ಮಾಡದಿದ್ದರೆ ತಾವು ಬಂದು ಪ್ರಯೋಜನವಿಲ್ಲ, ಈ ವಾರವೇ ಕೊನೆ ಎಂದರಂತೆ ಮೇಡಂ.

ಹಲ್ಲಿನಕ್ಕ ಪೆನ್ನು, ನೀಲಿ ಕಾಗದ, ಪಾಲಿಶ್ ಕಾಗದ, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಕೇಳುವಂತೆಯೇ ಹೇಳಿದಳು.

‘ಅಣ್ಣಾ, ಕೆಟ್ಟಿರೋದು ನಿನ್ನ ಕೈಯಲ್ಲ, ನಿಬ್ಬು. ನೀನು ಸವೆಸಿದ್ದನ್ನೆಲ್ಲ ನಾನು ಉಜ್ಜಿ ತೆಗೆದುಬಿಟ್ಟೆ. ಗೊತ್ತಾಗಿ ಎಂಟು ದಿನ ಆಯ್ತು. ಹೇಳೋಕೆ ಮುಖ ಇರಲಿಲ್ಲ.’

ಅತ್ತಿಗೆ ಅವಳನ್ನೇ ನೋಡಿದಳು. ಆ ನೋಟ ಬೈಗುಳಕ್ಕಿಂತ ಕಷ್ಟವಾಗಿತ್ತು. ಅಣ್ಣ ನಿಧಾನಕ್ಕೆ ಈ ಕಡೆ ಹೊರಳಿದ. ಕಣ್ಣಲ್ಲಿ ಕೆಂಡದಂಥ ಸಿಟ್ಟು. ಎಡಗೈಯಿಂದ ಹಾಸಿಗೆಗೆ ಎರಡು ಸಲ ಗುದ್ದಿದ. ಗಂಟಲಿನಿಂದ ಏನೋ ಸದ್ದು ಬಂತು. ಹಲ್ಲಿನಕ್ಕ ತಲೆ ತಗ್ಗಿಸಿ ನಿಂತಳು, ಅತ್ತಳು, ಕಣ್ಣೊರೆಸಿಕೊಳ್ಳಲೂ ಇಲ್ಲ. ಎಷ್ಟು ಹೊತ್ತಾಯಿತೋ. ಕೊನೆಗೆ ಹೊದಿಕೆ ಅಲ್ಲಾಡಿ ಬಲಗೈ ಹೊರಗೆ ಬಂತು.

ಅವಳು ಹಲಗೆಯ ಮೇಲೆ ನೀಲಿ ಕಾಗದ ಹಾಸಿ, ಇಂಕು ತೆಗೆದ ಪೆನ್ನು ಕೊಟ್ಟಳು. ಅಣ್ಣ ಒಂದು ಗೆರೆ ಎಳೆದ. ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ಪಕ್ಕದಲ್ಲಿ ನೀಲಿ ಚುಕ್ಕೆ. ಅಲ್ಲಿ ಮಾತ್ರ ನಾಲ್ಕು ಸಲ ಉಜ್ಜಿದಳು, ಎಣಿಸಿ ನಾಲ್ಕೇ. ಮತ್ತೆ ಕೊಟ್ಟಳು. ಮತ್ತೆ ಗೆರೆ, ಮತ್ತೆ ಚುಕ್ಕೆ. ಜೀವಮಾನದಲ್ಲಿ ಮೊದಲ ಸಲ ಅವಳು ನುಣುಪಾಗುವ ಮೊದಲೇ ಕೈ ನಿಲ್ಲಿಸುತ್ತಿದ್ದಳು. ಸಂಜೆಯವರೆಗೆ ಹೀಗೇ ನಡೆಯಿತು. ನಡುವೆ ಅಣ್ಣನ ಕೈ ಸೋತು ಜಾರಿದಾಗ ಅತ್ತಿಗೆ ಬಂದು ಮೊಣಕೈಗೆ ದಿಂಬು ಕೊಟ್ಟಳು. ನಾದಿನಿಯ ಜೊತೆ ಮಾತಾಡಲಿಲ್ಲ.

ಇಂಕು ತುಂಬಿ ಬಿಳಿ ಕಾಗದ ಇಟ್ಟರು. ಅಣ್ಣ ಎಳೆದ. ಕರ್ ಎಂದು ಸದ್ದಾಯಿತು, ತರಚಿತು, ಆದರೆ ಇಂಕು ಹತ್ತಿತು. ಸೊಟ್ಟಗೆ, ನಡುಗುತ್ತ, ಬೆರಳುದ್ದದ ಒಂದು ಕಪ್ಪು ಗೆರೆ. ಅಕ್ಷರವಲ್ಲ ಏನಲ್ಲ, ಬರೀ ಗೆರೆ. ನಾಳೆ ಅಕ್ಷರ ಬರುತ್ತದೋ ಇಲ್ಲವೋ ಮೇಡಂಗೂ ಗೊತ್ತಿರಲಾರದು.

ಆ ತರಚು ಸದ್ದನ್ನು ಹಲ್ಲಿನಕ್ಕನಿಂದ ತಡೆದುಕೊಳ್ಳಲಾಗಲಿಲ್ಲ. ಹುಟ್ಟುಗುಣ, ಏನು ಮಾಡುವುದು. ಒಂದೇ ಒಂದು ಸಲ ಬರೆದು ನೋಡೋಣವೆಂದು ಪೆನ್ನು ತೆಗೆದುಕೊಂಡು ಕಾಗದಕ್ಕೆ ತಾಗಿಸಲು ಬಗ್ಗಿದಳು. ಅಣ್ಣನ ಬಲಗೈ ಹಲಗೆಯ ಮೇಲೆ ತೆವಳುತ್ತ ಬಂತು. ಅವಳ ಮಣಿಕಟ್ಟು ಹಿಡಿದುಕೊಂಡಿತು. ಹಿಡಿತದಲ್ಲಿ ಬಲವಿರಲಿಲ್ಲ, ಚೂರು ಕೊಸರಿದ್ದರೂ ಬಿಟ್ಟುಹೋಗುತ್ತಿತ್ತು. ಅವಳು ಕೊಸರಲಿಲ್ಲ. ಬೆರಳು ಸಡಿಲ ಬಿಟ್ಟು, ಅವನು ಪೆನ್ನು ಕಿತ್ತುಕೊಳ್ಳುವವರೆಗೆ ಹಾಗೇ ಕೂತಿದ್ದಳು.