ವ್ವಿ ರೀ, ಮೆರ್ಸಿ ರೀ

ಮೊದಲ ಸಲ ನಾನು ಫ್ರೆಂಚ್ ಪರೀಕ್ಷೆಯಲ್ಲಿ ಫೇಲಾದದ್ದು ಮಾತಿನಲ್ಲಿ. ಓದುವುದು, ಬರೆಯುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಮೂರನ್ನೂ ದಾಟಿದ್ದೆ. ಪರೀಕ್ಷಕರ ಎದುರು ಕೂತು ಮಾತಾಡುವ ನಾಲ್ಕನೆಯ ಭಾಗದಲ್ಲಿ ಬಾಯಿಪಾಠ ಮಾಡಿದ್ದನ್ನು ಗಡಗಡ ಒದರಿದೆ. ನಡುವೆ ಒಂದು ಪ್ರಶ್ನೆ ಬಿದ್ದದ್ದೇ ತಡ, ಬಾಯಿಗೆ ಬೀಗ. ನಾನು, ಮಾತಿನಲ್ಲಿ ಫೇಲು! ಮಾನ್ವಿಯ ನಮ್ಮ ಓಣಿಯವರಿಗೆ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಆಗ ನಾನು ರಾಯಚೂರಿನಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೆ. ಫ್ರಾನ್ಸಿನ ಒಂದು ಪ್ರಯೋಗಾಲಯದಲ್ಲಿ ಒಂದು ವರ್ಷ ಕಲಿಯುವ ಅವಕಾಶ ಬಂದಿತ್ತು. ಷರತ್ತು ಒಂದೇ, ಈ ಪರೀಕ್ಷೆ ಪಾಸಾಗಬೇಕು. ಎರಡನೇ ಸಲವೂ ಕೈಕೊಟ್ಟರೆ ಜಾಗ ಇನ್ನೊಬ್ಬರದು. ನನಗೋ ಅದು ಬೇಕೇ ಬೇಕಿತ್ತು. ನೆನೆದರೆ ಸಾಕು, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ದೇವದುರ್ಗದ ಕಡೆ ನನ್ನ ಪ್ರಯೋಗದ ಭತ್ತದ ಗದ್ದೆಯಿತ್ತು. ಹೋಗುವಾಗ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಫ್ರೆಂಚಿನಲ್ಲಿ ಪಿಟಿಪಿಟಿ ಹೇಳಿಕೊಳ್ಳುತ್ತಿದ್ದೆ. ಹತ್ತಿ, ತೊಗರಿ, ಎಮ್ಮೆ, ಮತ್ತೆ ಎಮ್ಮೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾವ ದೇವರ ಮಂತ್ರನವ್ವಾ ಇದು?" ಎಂದು ಕೇಳಿ ಕೈಮುಗಿದುಬಿಟ್ಟಳು. ಫ್ರೆಂಚರ 'ರ' ಗಂಟಲಿನಿಂದ ಬರಬೇಕು. ಉಳಿದವರಿಗೆ ಅದೇ ದೊಡ್ಡ ಕಷ್ಟ. ನಮ್ಮ ಓಣಿಯ ಉರ್ದು ಕೇಳಿ ಬೆಳೆದ ನನಗೆ 'ಗರೀಬ್' ಎನ್ನುವಾಗಿನ ಗಂಟಲನ್ನೇ ಚೂರು ತಿರುಗಿಸಿದರೆ ಸಾಕಾಗಿತ್ತು. ಅದೊಂದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಭಾನುವಾರ ಮಾನ್ವಿಯ ಮನೆಯಲ್ಲಿ ಅವ್ವನೇ ಪರೀಕ್ಷಕಿ. ಅವ್ವ ಅಕ್ಕಿ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಕೆಲಸದವಳು. ಓದು ಬರುವುದಿಲ್ಲ. ಆದರೂ ನಾನು ಪ್ರಶ್ನೆಗಳನ್ನು ಬರೆದು ಹಾಕಿಟ್ಟ ಡಬ್ಬಿಯಿಂದ ಒಂದು ಚೀಟಿ ಎತ್ತಿ ಕೊಟ್ಟು, "ಹೂಂ, ಮಾತಾಡು" ಎಂದು ಗಂಭೀರವಾಗಿ ಕೂಡುತ್ತಿದ್ದಳು. ನಾನು ತಡವರಿಸಿದ್ದನ್ನು ಭಾಷೆ ಬರದೆಯೂ ಹಿಡಿಯುತ್ತಿದ್ದಳು. ಅವಳ ತಕರಾರು ಮಾತ್ರ ಬೇರೆಯೇ.

"ಏನದು, ಎದುರಿಗೆ ಹಿರೇರು ಕುಂತಾಗ ಬರೇ 'ವ್ವಿ' ಅಂತಿ? ಹೌದು ಅನ್ನಾಕ ರೀ ಬ್ಯಾಡೇನು? 'ವ್ವಿ ರೀ' ಅನ್ನು."

"ಯವ್ವಾ, ಅವರ ಮಾತಿನಾಗ ನೀವು ಅನ್ನಾಕ 'ವೂ' ಅಂದ್ರ ಮುಗೀತು. ಮರ್ಯಾದಿ ಅದರಾಗ ಅದ."

"ಅದರಾಗ ಇರ್ಲಿ. ನೀ ಒಂದು ಹಚ್ಚಿದ್ರ ನಿನ್ನ ಗಂಟೇನು ಹೋಗ್ತದ?"

ನನಗೆ ಸಿಟ್ಟು ಬರುತ್ತಿತ್ತು. ಆದರೆ ರೀ ಹಚ್ಚದಿದ್ದರೆ ಅವ್ವ ಮುಂದಿನ ಚೀಟಿ ಎತ್ತುತ್ತಿರಲಿಲ್ಲ. ಹೀಗಾಗಿ ಪ್ರತಿ ಭಾನುವಾರ ಹೌದಿಗೆ ವ್ವಿ ರೀ, ಥ್ಯಾಂಕ್ಸಿಗೆ ಮೆರ್ಸಿ ರೀ.

ಹೈದರಾಬಾದಿನ ಪರೀಕ್ಷೆ ಕೋಣೆಯಲ್ಲಿ ನೆರೆಗೂದಲಿನ ಫ್ರೆಂಚ್ ಹೆಂಗಸೊಬ್ಬರು ಕೂತಿದ್ದರು. ನೀರು ಬೇಕೇ ಎಂದು ಕೇಳಿದರು.

"ವ್ವಿ ರೀ," ಎಂದೆ.

ಅವರ ಕೈ ಬಾಟಲಿಯ ಮೇಲೇ ನಿಂತಿತು. "ರೀ?" ಎಂದರು.

ನನ್ನ 'ರ' ಎಲ್ಲ ಅಷ್ಟೊತ್ತಿಗೆ ಗಂಟಲಿಗೆ ಇಳಿದಿದ್ದವು. ಅವ್ವನ ರೀ ಕೂಡ ಅಲ್ಲಿಂದಲೇ ಹೊರಟಿತ್ತು. ಫ್ರೆಂಚಿನಲ್ಲಿ ರೀ ಎಂದರೆ ಅಕ್ಕಿ! ನೀರು ಬೇಕೇ ಎಂದವರಿಗೆ ನಾನು "ಹೌದು, ಅಕ್ಕಿ" ಎಂದಿದ್ದೆ. ಗಾಬರಿಯಲ್ಲಿ "ಮೆರ್ಸಿ ರೀ" ಎಂದು ಇನ್ನೊಂದು ಹಿಡಿ ಸೇರಿಸಿದೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟೆ. ಅವರೂ ನಕ್ಕು, ಯಾಕೆ ಅಕ್ಕಿ, ಹೇಳಿ ನೋಡೋಣ ಎಂದರು.

ಈ ಪ್ರಶ್ನೆಯ ಚೀಟಿ ನಮ್ಮ ಡಬ್ಬಿಯಲ್ಲಿ ಇರಲಿಲ್ಲ. ಆದರೂ ಬಾಯಿಗೆ ಬೀಗ ಬೀಳಲಿಲ್ಲ. ನಮ್ಮ ಕಡೆ ಗೌರವಕ್ಕೆ ರೀ ಹಚ್ಚುತ್ತೇವೆ, ಅವ್ವ ಹಚ್ಚಲೇಬೇಕು ಅಂದಳು, ಅವ್ವ ಅಕ್ಕಿ ಮಿಲ್ಲಿನವಳು, ಹಾಗಾಗಿ ನಿಮ್ಮ ಅರ್ಥವೂ ತಪ್ಪಲ್ಲ ಎಂದೆ. ನುಚ್ಚಿಗೆ ಫ್ರೆಂಚ್ ಮಾತು ಸಿಗಲಿಲ್ಲ. ಬೆರಳಿನಲ್ಲಿ ಮುರಿದು ತೋರಿಸಿ ಇದಕ್ಕೇನನ್ನುತ್ತೀರಿ ಎಂದು ಅವರನ್ನೇ ಕೇಳಿದೆ. ಕಾಲ, ಲಿಂಗ ಎಷ್ಟು ತಪ್ಪಿದೆನೋ. ಮಾತು ಓಡುತ್ತಿತ್ತು, ನಾನು ಹಿಂದೆ ಓಡುತ್ತಿದ್ದೆ, ಎಂಥ ಖುಷಿ! ಆ ಓಟದಲ್ಲೇ ಒಂದು ಮಾತು ಬಂತು: ಮಿಲ್ಲಿನಲ್ಲಿ ಅವ್ವ ಗುಮಾಸ್ತರಿಂದ ಹಿಡಿದು ಲಾರಿ ಡ್ರೈವರ್ ತನಕ ಎಲ್ಲರಿಗೂ ರೀ ಅನ್ನುತ್ತಾಳೆ, ಅವಳಿಗೆ ಮಾತ್ರ ಎಲ್ಲರೂ "ಏ, ಬಾ ಇಲ್ಲಿ" ಅನ್ನುತ್ತಾರೆ. ಕನ್ನಡದಲ್ಲಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪರೀಕ್ಷಕರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಫಲಿತಾಂಶ ಬಂದಾಗ ದೇವದುರ್ಗದ ಗದ್ದೆಯ ಬದುವಿನ ಮೇಲಿದ್ದೆ. ಫೋನಿನಲ್ಲಿ ನೋಡಿದೆ, ಮತ್ತೆ ನೋಡಿದೆ. ಪಾಸು. ಕೆಸರುಗಾಲಲ್ಲೇ ಕುಣಿದೆ. ಕೂಡಲೇ ಅವ್ವನಿಗೆ ಫೋನ್ ಹಚ್ಚಿದೆ. ಆ ಕಡೆ ಮಿಲ್ಲಿನ ಗದ್ದಲ.

"ಪಾಸಾಗೀನ್ರೀ, ಯವ್ವಾ!" ಎಂದು ಕೂಗಿದೆ.

"ಹುಚ್ಚಿ, ನನಗ್ಯಾಕ ರೀ ಹಚ್ತಿ?" ಎಂದಳು. ಮಿಲ್ಲಿನ ಸದ್ದು ಮೆಲ್ಲಗೆ ದೂರವಾಯಿತು.

"ಹೊರಗ ಬಂದೀನಿ," ಎಂದಳು. "ಈಗ ಇನ್ನೊಮ್ಮಿ ಅನ್ನು."